ಗಾಜಿಗೆ ಹಬೆ ಕಟ್ಟಿದಾಗ ಬಟನ್ ಎಲ್ಲಿ? ಕಾರಿನ ಟಚ್ ಪ್ಯಾನೆಲ್ ಒಳಗಿನ ಕತೆ

ಕಳೆದ ಜುಲೈನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಕಾಕಾನ ಹೊಸ ಕಾರಿನಲ್ಲಿ ಬರುತ್ತಿದ್ದೆವು. ಸಂಜೆ ಏಳು ಗಂಟೆ ಇರಬೇಕು. ಸತ್ತೂರು ದಾಟುವಷ್ಟರಲ್ಲಿ ಮಳೆ ಜೋರಾಯಿತು. ಗಾಡಿಯಲ್ಲಿ ಐದು ಜನ, ಎಲ್ಲ ಕಿಟಕಿ ಮುಚ್ಚಿದ್ದವು, ಕಾಲ ಬಳಿ ಒದ್ದೆ ಛತ್ರಿ. ಎರಡೇ ನಿಮಿಷದಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿ, ಎದುರಿನ ಲಾರಿಯ ಕೆಂಪು ಲೈಟು ಬಿಟ್ಟರೆ ಬೇರೇನೂ ಕಾಣದ ಹಾಗಾಯಿತು.

"ಏ ತಮ್ಮಾ, ಆ ಹಬಿ ಹೋಗಿಸೋ ಬಟನ್ ಎಲ್ಲಿ ಐತಿ ನೋಡೋ, ನನಗ ಏನೂ ಕಾಣವಲ್ದು" ಅಂದರು ಕಾಕಾ.

ನೋಡಿದೆ. ಬಟನ್ನೇ ಇರಲಿಲ್ಲ. ಕಪ್ಪು ಗಾಜಿನಂಥ ಒಂದು ಪಟ್ಟಿ, ಅದರ ಮೇಲೆ ಸಾಲಾಗಿ ಸಣ್ಣ ಬಿಳಿ ಚಿತ್ರಗಳು. ಒಂದನ್ನು ಮುಟ್ಟಿದೆ, ಹಿಂದಿನ ಗಾಜಿನ ಹೀಟರ್ ಶುರುವಾಯಿತು. ಇನ್ನೊಂದನ್ನು ಮುಟ್ಟಿದೆ, ಫ್ಯಾನೇ ನಿಂತುಹೋಯಿತು. ಹಿಂದಿನ ಸೀಟಿನಿಂದ ಕಾಕೂ "ಮೊದ್ಲ ಗಾಡಿ ಸೈಡಿಗೆ ನಿಂದರಸ್ರಿ" ಅಂತ ಗದರಿದ ಮೇಲೆ ನವಲೂರಿನ ಹತ್ತಿರ ಗಾಡಿ ಬದಿಗೆ ಹಾಕಿ, ಒಳಗಿನ ಲೈಟ್ ಹಚ್ಚಿ, ಇಬ್ಬರೂ ಬಗ್ಗಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಓದಿದ ಹಾಗೆ ಆ ಪಟ್ಟಿಯನ್ನು ಓದಿದೆವು. ಪಕ್ಕದ ಲೇನಿನಲ್ಲಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸೊಂದು ನೀರು ಚಿಮ್ಮಿಸಿಕೊಂಡು ಹೋಯಿತು.

"ಹಳೇ ಗಾಡಿಯೊಳಗ ಎಡಗೈ ಚಾಚಿದ್ರ ಸಾಕಿತ್ತಲೋ" ಅಂದರು ಕಾಕಾ.

ಹನ್ನೆರಡು ವರ್ಷ ಒಂದೇ ಗಾಡಿ ಓಡಿಸಿದವರು ಅವರು. ಅದರಲ್ಲಿ ಎಸಿಗೆ ಮೂರು ನಾಬ್ ಇದ್ದವು, ತಿರುಗಿಸಿದರೆ ಕಟಕ್ ಅನ್ನುತ್ತಿದ್ದವು. ಈಗ ಕಾರು ನೋಡಲು ಗೋಕುಲ ರೋಡಿನ ಯಾವ ಶೋರೂಮಿಗೆ ಹೋದರೂ ಮೊದಲು ತೋರಿಸುವುದು ದೊಡ್ಡ ಸ್ಕ್ರೀನು. ಹಾಗಾದರೆ ಈ ಟಚ್ ಅಂದರೆ ಏನು, ಒಳಗೆ ಏನು ನಡೆಯುತ್ತದೆ, ಕಂಪನಿಗಳಿಗೆ ಇದರ ಮೇಲೆ ಯಾಕಿಷ್ಟು ಪ್ರೀತಿ, ಯುರೋಪಿನಲ್ಲಿ ಬಟನ್ ವಾಪಸ್ ತನ್ನಿ ಅಂತ ಯಾಕೆ ಹೇಳುತ್ತಿದ್ದಾರೆ? ಒಂದೊಂದಾಗಿ ನೋಡೋಣ.

ಮೊದಲು ಯಾವುದಕ್ಕೆ ಏನು ಅನ್ನುತ್ತಾರೆ

ಟಚ್ ಅಂತ ನಾವು ಸುಮ್ನೆ ಒಂದೇ ಹೆಸರಲ್ಲಿ ಕರೆಯುತ್ತೇವೆ. ಆದರೆ ಕಾರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ.

ಒಂದು, ನಡುವಿನ ಟಚ್‌ಸ್ಕ್ರೀನ್. ಇದು ದೊಡ್ಡ ಮೊಬೈಲ್ ಇದ್ದ ಹಾಗೆ. ಚಿತ್ರ ಬದಲಾಗುತ್ತದೆ, ಒಂದು ಮೆನುವಿನ ಒಳಗೆ ಇನ್ನೊಂದು ಮೆನು ಇರುತ್ತದೆ.

ಎರಡು, ಟಚ್ ಪ್ಯಾನೆಲ್. ಕಾಕಾನ ಗಾಡಿಯಲ್ಲಿ ಇದ್ದದ್ದು ಇದೇ. ಇಲ್ಲಿ ಸ್ಕ್ರೀನ್ ಇಲ್ಲ, ನಯವಾದ ಪ್ಲಾಸ್ಟಿಕ್ ಅಥವಾ ಗಾಜಿನ ಮೇಲೆ ಅಚ್ಚು ಹಾಕಿದ ಚಿತ್ರಗಳಿವೆ, ಹಿಂದಿನಿಂದ ಬೆಳಕು ಬರುತ್ತದೆ. ಚಿತ್ರ ಯಾವಾಗಲೂ ಅದೇ ಜಾಗದಲ್ಲಿರುತ್ತದೆ. ನಿಮ್ಮ ಮನೆಯ ಇಂಡಕ್ಷನ್ ಒಲೆಯ ಮೇಲೆ ಇರುವುದೂ ಇದೇ ಜಾತಿಯದು.

ಮೂರು, ಸ್ಲೈಡರ್. ವಾಲ್ಯೂಮ್ ಅಥವಾ ಎಸಿ ಹೆಚ್ಚು ಕಡಿಮೆ ಮಾಡಲು ಬೆರಳನ್ನು ಸವರುವ ಪಟ್ಟಿ.

ಮೂರರ ಹಿಂದೆಯೂ ಇರುವ ತಂತ್ರ ಹೆಚ್ಚುಕಡಿಮೆ ಒಂದೇ. ಅದಕ್ಕೆ ಕೆಪಾಸಿಟಿವ್ ಟಚ್ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ.

ಬೆರಳು ಬಂತು ಅಂತ ಗಾಜಿಗೆ ಹೇಗೆ ಗೊತ್ತಾಗುತ್ತದೆ?

ಹಳೇ ಸ್ವಿಚ್ ಸರಳ. ಒತ್ತಿದರೆ ಒಳಗೆ ಎರಡು ಲೋಹದ ತುಂಡು ಒಂದಕ್ಕೊಂದು ತಾಗುತ್ತವೆ, ಕರೆಂಟ್ ಹರಿಯುತ್ತದೆ. ಬಿಟ್ಟರೆ ದೂರವಾಗುತ್ತವೆ. ಮನೆಯ ಫ್ಯಾನ್ ಸ್ವಿಚ್ ಹೇಗೋ ಹಾಗೆ.

ಟಚ್ ಪ್ಯಾನೆಲ್‌ನಲ್ಲಿ ಅಲುಗಾಡುವ ವಸ್ತುವೇ ಇಲ್ಲ. ನಯವಾದ ಮೇಲ್ಮೈಯ ಹಿಂದೆ, ಪ್ರತಿ ಚಿತ್ರದ ಕೆಳಗೆ ತಾಮ್ರದ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದಕ್ಕೆ ಸ್ವಲ್ಪವೇ ಸ್ವಲ್ಪ ವಿದ್ಯುತ್ ತುಂಬಿಸಿ ಇಟ್ಟಿರುತ್ತಾರೆ. ಹೀಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಕೆಪಾಸಿಟೆನ್ಸ್ ಅಂತ ಹೆಸರು. ಕೊಡ ಎಷ್ಟು ನೀರು ಹಿಡಿಯುತ್ತದೆ ಅನ್ನುತ್ತೇವಲ್ಲ, ಹಾಗೆ ಬಿಲ್ಲೆ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಲೆಕ್ಕ.

ಈಗ ನಿಮ್ಮ ಬೆರಳು ಹತ್ತಿರ ಬರುತ್ತದೆ. ನಮ್ಮ ದೇಹದಲ್ಲಿ ಜಾಸ್ತಿ ಇರುವುದು ಉಪ್ಪು ನೀರು, ಅದು ವಿದ್ಯುತ್ತನ್ನು ಹರಿಸುತ್ತದೆ. ಹಾಗಾಗಿ ಬೆರಳು ಮೇಲೆ ಬಂದ ಕೂಡಲೇ ಆ ಕೊಡದ ಅಳತೆಯೇ ಚೂರು ಬದಲಾಗುತ್ತದೆ. ಎಷ್ಟು ಚೂರು ಅಂದರೆ ಒಂದು ಪಿಕೋಫ್ಯಾರಡ್ ಆಸುಪಾಸು. ಫ್ಯಾರಡ್ ಅನ್ನುವುದು ಅಳತೆಯ ಹೆಸರು, ಪಿಕೋ ಅಂದರೆ ಅದರ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣ ವ್ಯತ್ಯಾಸವನ್ನು ಒಂದು ಚಿಪ್ ಸೆಕೆಂಡಿಗೆ ಹತ್ತಾರು ಸಲ, ಕೆಲವೊಮ್ಮೆ ನೂರಕ್ಕೂ ಹೆಚ್ಚು ಸಲ, ಎಲ್ಲ ಬಿಲ್ಲೆಗಳ ಮೇಲೂ ಅಳೆಯುತ್ತಲೇ ಇರುತ್ತದೆ. ಗೊತ್ತು ಮಾಡಿದ ಗೆರೆ ದಾಟಿತೋ, ಬೆರಳು ಬಂತು ಅಂತ ಲೆಕ್ಕ.

ಗಮನಿಸಿ, ಇಲ್ಲಿ ಒತ್ತುವ ಮಾತೇ ಬರಲಿಲ್ಲ. ನೀವು ಜೋರಾಗಿ ಒತ್ತಿದರೂ ಅಷ್ಟೇ, ಸುಮ್ನೆ ತಾಗಿಸಿದರೂ ಅಷ್ಟೇ. ಗೇರ್ ಹಾಕುವಾಗ ಕೈ ಸವರಿದರೂ ಅದು ಬೆರಳು ಅಂತಲೇ ತಿಳಿಯುತ್ತದೆ.

ಸ್ಕ್ರೀನ್ ವಿಷಯದಲ್ಲಿ ಬಿಲ್ಲೆಯ ಬದಲು ಜಾಲರಿ ಇರುತ್ತದೆ. ಇಳಕಲ್ ಸೀರೆಯ ಹಾಸು ಹೊಕ್ಕು ನೆನಪು ಮಾಡಿಕೊಳ್ಳಿ. ಅಡ್ಡ ಎಳೆ, ಉದ್ದ ಎಳೆ, ಕೂಡುವಲ್ಲೆಲ್ಲ ಒಂದೊಂದು ಅಳತೆಯ ಜಾಗ. ಎಳೆಗಳು ಕಾಣಬಾರದು, ಕಂಡರೆ ಹಿಂದಿನ ಚಿತ್ರ ಕಾಣುವುದಿಲ್ಲ. ಅದಕ್ಕೆ ಇಂಡಿಯಂ ಟಿನ್ ಆಕ್ಸೈಡ್ ಅನ್ನುವ ವಸ್ತು ಬಳಸುತ್ತಾರೆ. ಅದು ಗಾಜಿನ ಹಾಗೆ ಪಾರದರ್ಶಕ, ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ. ಎಷ್ಟನೇ ಅಡ್ಡ ಎಳೆ, ಎಷ್ಟನೇ ಉದ್ದ ಎಳೆ ಅಂತ ಗೊತ್ತಾದರೆ ಬೆರಳು ಎಲ್ಲಿದೆ ಅಂತ ಗೊತ್ತಾಯಿತು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪೆನ್ನಿನ ಪ್ಲಾಸ್ಟಿಕ್ ಕ್ಯಾಪಿನಿಂದ ಮೊಬೈಲ್ ಮುಟ್ಟಿ, ಏನೂ ಆಗುವುದಿಲ್ಲ. ಸೌತೆಕಾಯಿ ತುಂಡು ಕೈಯಲ್ಲಿ ಹಿಡಿದು ಮುಟ್ಟಿ, ಕೆಲಸ ಮಾಡುತ್ತದೆ. ಸೌತೆಕಾಯಿಯಲ್ಲೂ ನೀರಿದೆ, ಅದು ನಿಮ್ಮ ಕೈಗೆ ತಾಗಿದೆ. ಅಷ್ಟೇ ವಿದ್ಯೆ.

ಈ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನ ರಾಡಾರ್ ಸಂಸ್ಥೆಯಲ್ಲಿದ್ದ ಇ. ಎ. ಜಾನ್ಸನ್ 1965ರಲ್ಲೇ ವಿಮಾನ ಸಂಚಾರ ನಿಯಂತ್ರಣಕ್ಕೆ ಅಂತ ಇದರ ಬಗ್ಗೆ ಬರೆದಿದ್ದರು. ಕಾರಿಗೆ ಬಂದದ್ದೂ ಬೇಗನೇ. 1986ರ ಬ್ಯುಯಿಕ್ ರಿವಿಯೆರಾ ಕಾರಿನಲ್ಲಿ ಹಳೇ ಟಿವಿಯ ಕೊಳವೆಯಂಥ ಟಚ್ ಸ್ಕ್ರೀನ್ ಇತ್ತು. ಕೆಲವೇ ವರ್ಷಕ್ಕೆ ಅದನ್ನು ತೆಗೆದುಹಾಕಿದರು. 2007ರಲ್ಲಿ ಐಫೋನ್ ಬಂದು ಕೈಗೆ ಅಭ್ಯಾಸ ಮಾಡಿಸಿತು, 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಹಾಕಿತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು.

ಮಳೆ, ಕೈಗವಸು, ಗಿರಮಿಟ್ಟು

ಒಳಗಿನ ಕತೆ ಗೊತ್ತಾದರೆ ಅದರ ತಂಟೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ನೀರು ವಿದ್ಯುತ್ ಹರಿಸುತ್ತದೆ, ಹಾಗಾಗಿ ಪ್ಯಾನೆಲ್ ಮೇಲೆ ಬಿದ್ದ ಹನಿಯೂ ಬೆರಳಿನ ಹಾಗೆ ಕಾಣಬಹುದು. ಹಾಲು ಉಕ್ಕಿ ಇಂಡಕ್ಷನ್ ಒಲೆಯ ಬಟನ್ ಮೇಲೆ ಹರಿದಾಗ ಅದು ಕೀಂಯ್ ಕೀಂಯ್ ಅಂತ ಕೂಗಿ ಆಫ್ ಆಗುತ್ತದೆ ಅಲ್ವಾ, ಕಾರಣ ಇದೇ. ಈಗಿನ ಒಳ್ಳೆ ಚಿಪ್‌ಗಳು ಹನಿ ಯಾವುದು ಬೆರಳು ಯಾವುದು ಅಂತ ತಕ್ಕಮಟ್ಟಿಗೆ ಬೇರೆ ಮಾಡುತ್ತವೆ. ಆದರೂ ರೇನ್‌ಕೋಟ್ ಬಿಚ್ಚಿ ಒದ್ದೆ ಕೈಯಲ್ಲೇ ಕೂತವರಿಗೆ ಒಂದು ಮುಟ್ಟಿದರೆ ಇನ್ನೊಂದು ಆಗುವ ಅನುಭವ ಇದ್ದೇ ಇರುತ್ತದೆ.

ದಪ್ಪ ಕೈಗವಸು ಹಾಕಿದರೆ ಉಲ್ಟಾ. ಬೆರಳೇ ಇಲ್ಲ ಅಂತ ತಿಳಿಯುತ್ತದೆ.

ಎಣ್ಣೆಯ ವಿಷಯ ಬೇರೆ. ದಾರಿಯಲ್ಲಿ ನಿಲ್ಲಿಸಿ ಗಿರಮಿಟ್ಟು, ಮಿರ್ಚಿ ಭಜಿ ತಿಂದು, ಪೇಪರಿಗೆ ಕೈ ಒರೆಸಿ ಹತ್ತುತ್ತೇವೆ. ಎಣ್ಣೆ ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ಸುಳ್ಳು ಟಚ್ ಆಗುವುದಿಲ್ಲ. ಆದರೆ ಕಪ್ಪು ಹೊಳೆಯುವ ಪ್ಯಾನೆಲ್ ಮೇಲೆ ಬೆರಳಚ್ಚು ಉಳಿಯುತ್ತದೆ, ಅದರ ಮೇಲೆ ನಮ್ಮ ಎರೆ ಮಣ್ಣಿನ ಧೂಳು ಕೂರುತ್ತದೆ, ಬೆಳಿಗ್ಗೆ ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಹೊರಟಾಗ ಎದುರಿನಿಂದ ಸೂರ್ಯ ಹೊಡೆದರೆ ಯಾವ ಚಿತ್ರ ಎಲ್ಲಿದೆ ಅಂತ ಕಾಣುವುದೇ ಇಲ್ಲ. ಬಟನ್ ಜಿಡ್ಡಾದರೂ ಬಟನ್ನೇ. ಟಚ್ ಪ್ಯಾನೆಲ್ ಕಾಣದೇ ಹೋದರೆ ಅದು ಇದ್ದೂ ಇಲ್ಲದ ಹಾಗೆ.

ಬಿಸಿಲಿನ ಮಾತೂ ಇದೆ. ಏಪ್ರಿಲ್‌ನಲ್ಲಿ ಗದಗ ಕಡೆ ನೆರಳಿಲ್ಲದೆ ನಿಂತ ಕಾರಿನ ಡ್ಯಾಶ್‌ಬೋರ್ಡ್ 60–70 ಡಿಗ್ರಿ ದಾಟಬಹುದು. ಮೊಬೈಲಿನ ಸ್ಕ್ರೀನನ್ನು ತಂದು ಹಾಗೇ ಕಾರಿಗೆ ಜೋಡಿಸಿದರೆ ಬಾಳುವುದಿಲ್ಲ. ಕಾರಿಗೆ ಅಂತಲೇ ಹೆಚ್ಚು ಬಿಸಿ ತಡೆಯುವ ಸ್ಕ್ರೀನ್ ಮಾಡುತ್ತಾರೆ. ಹೊರಗಿನ ಅಂಗಡಿಯಲ್ಲಿ ಅಗ್ಗದ ಸ್ಕ್ರೀನ್ ಹಾಕಿಸುವವರು ಇದನ್ನೊಂದು ಕೇಳಿಯೇ ಹಾಕಿಸಬೇಕು.

ಹಾಗಾದರೆ ಕಂಪನಿಗಳು ಇದನ್ನೇ ಯಾಕೆ ಹಾಕುತ್ತವೆ?

ಚಂದ ಕಾಣುತ್ತದೆ ಅನ್ನುವುದು ಒಂದು ಕಾರಣ. ಶೋರೂಮಿನಲ್ಲಿ ನಿಂತ ಗಾಡಿಯಲ್ಲಿ ಸ್ಕ್ರೀನು ಹೊಳೆಯುತ್ತದೆ, ನಾಬು ಹೊಳೆಯುವುದಿಲ್ಲ. ಆದರೆ ದೊಡ್ಡ ಕಾರಣ ದುಡ್ಡು.

ಒಂದು ಬಟನ್ ಅಂದರೆ ಬರೀ ಒಂದು ಪ್ಲಾಸ್ಟಿಕ್ ತುಂಡಲ್ಲ. ಅದಕ್ಕೆ ಅಚ್ಚು ಬೇಕು, ಒಳಗೆ ಸ್ಪ್ರಿಂಗ್ ಬೇಕು, ಮೇಲೆ ಚಿತ್ರ ಬೇಕು, ಹಿಂದೆ ಬೆಳಕು ಬೇಕು, ಲಕ್ಷ ಸಲ ಒತ್ತಿದರೂ ಸಡಿಲ ಆಗಬಾರದು. ಕಡಿಮೆ ಬೆಲೆಯ ವೇರಿಯಂಟಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಖಾಲಿ ಮುಚ್ಚಳ ಬೇರೆ ಮಾಡಿಸಬೇಕು. ಕಾರಿನಲ್ಲಿ ಖಾಲಿ ಬಟನ್ ನೋಡಿ "ಇದು ಯಾತಕ್ಕ?" ಅಂತ ಮಕ್ಕಳು ಕೇಳುತ್ತವಲ್ಲ, ಅದು. ಟಚ್ ಆದರೆ ಇದೆಲ್ಲ ಉಳಿತಾಯ. ಸ್ಕ್ರೀನ್‌ನಲ್ಲಂತೂ ಬಟನ್ ಅನ್ನುವುದು ಬರೀ ಸಾಫ್ಟ್‌ವೇರ್, ಗಾಡಿ ಮಾರಿದ ಮೇಲೂ ಹೊಸದು ಸೇರಿಸಬಹುದು.

ಇನ್ನೊಂದು ಕಾರಣ ಕಾನೂನು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಹಿಂದಿನ ಕ್ಯಾಮೆರಾ ಕಡ್ಡಾಯವಾಯಿತು. ಕ್ಯಾಮೆರಾ ಬಂದರೆ ಸ್ಕ್ರೀನ್ ಬರಲೇಬೇಕು. ಸ್ಕ್ರೀನ್ ಹೇಗೂ ಇದೆ, ಎಸಿಯನ್ನೂ ಅದರಲ್ಲೇ ತುರುಕೋಣ ಅಂದರು.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಬಟನ್ ಅಂದರೆ ಹಳೇ ಕಾಲದ್ದು, ಟಚ್ ಅಂದರೆ ಕಂಪ್ಯೂಟರ್ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಅನ್ನುವ ವ್ಯವಸ್ಥೆ ತಂದಿತು. ಅಂದರೆ ಕಾರಿನ ಒಳಗಿನ ಸಣ್ಣ ಕಂಪ್ಯೂಟರ್‌ಗಳು ಒಂದೇ ಜೋಡಿ ವೈರಿನ ಮೇಲೆ ಪರಸ್ಪರ ಮಾತಾಡುವ ದಾರಿ. ಆಮೇಲಿನ ಎಷ್ಟೋ ಗಾಡಿಗಳಲ್ಲಿ ನೀವು ಒತ್ತುವ ನಿಜವಾದ ಬಟನ್ ಕೂಡ ಮೋಟರಿಗೆ ನೇರ ಕರೆಂಟ್ ಕೊಡುವುದಿಲ್ಲ, "ಫ್ಯಾನ್ ಹೆಚ್ಚು ಮಾಡು" ಅಂತ ಒಂದು ಸಂದೇಶ ಕಳಿಸುತ್ತದೆ, ಅಷ್ಟೇ. ಟಚ್ ಮಾಡುವುದೂ ಅದನ್ನೇ. ಹಿಂದಿನ ವೈರಿನಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ನಿಮ್ಮ ಬೆರಳ ತುದಿಯಲ್ಲಿ.

ಕೈ ಹುಡುಕುತ್ತದೆ, ಕಣ್ಣು ರಸ್ತೆ ನೋಡುತ್ತದೆ

ಧಾರವಾಡದವರಿಗೆ ಇದನ್ನು ಹೇಳುವುದು ಸುಲಭ. ಸಂಗೀತ ಕಚೇರಿಯಲ್ಲಿ ಹಾರ್ಮೋನಿಯಂ ನುಡಿಸುವವರನ್ನು ನೋಡಿ. ಅವರ ಕಣ್ಣು ಹಾಡುವವರ ಮುಖದ ಮೇಲಿರುತ್ತದೆ. ಬೆರಳು ತಾನಾಗಿ ಪಟ್ಟಿ ಹುಡುಕುತ್ತದೆ, ಯಾಕೆಂದರೆ ಕಪ್ಪು ಪಟ್ಟಿ ಎತ್ತರ, ಬಿಳಿ ಪಟ್ಟಿ ತಗ್ಗು, ನಡುನಡುವೆ ಸಂದು. ಈಗ ಅದೇ ಹಾರ್ಮೋನಿಯಂ ಮೇಲೆ ಸಪಾಟು ಗಾಜು ಹಾಕಿ, ಪಟ್ಟಿಗಳ ಚಿತ್ರ ಅಂಟಿಸಿ ಕೊಟ್ಟರೆ ಎಂಥ ಉಸ್ತಾದರೂ ತಲೆ ಬಗ್ಗಿಸಿ ನೋಡಿಕೊಂಡೇ ನುಡಿಸಬೇಕು.

ಕಾರಿನಲ್ಲೂ ಅಷ್ಟೇ. ನಾಬ್ ಹುಡುಕಲು ಬೆರಳು ಡ್ಯಾಶ್‌ಬೋರ್ಡ್ ಮೇಲೆ ಹರಿದಾಡಬಹುದು, ಮೂರನೆಯದು ಅಂತ ಎಣಿಸಬಹುದು, ತಪ್ಪಾದರೆ ಬಿಡಬಹುದು. ಮುಟ್ಟುವುದು ಬೇರೆ, ಒತ್ತುವುದು ಬೇರೆ. ಟಚ್‌ನಲ್ಲಿ ಮುಟ್ಟುವುದೇ ಒತ್ತುವುದು, ಹಾಗಾಗಿ ತಡಕಾಡಿ ಹುಡುಕುವ ಅವಕಾಶವೇ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಇದು ಹೊಸ ಪಾಠವೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳು ಇಳಿದಾದ ಮೇಲೆ ಹೊಟ್ಟೆ ನೆಲಕ್ಕೆ ಹಾಕಿ ಕೂರುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎಳೆಯುವ ಬದಲು ಚಕ್ರವನ್ನೇ ಒಳಗೆ ಎಳೆದುಬಿಡುತ್ತಿದ್ದರು. ಅಲ್ಫೋನ್ಸ್ ಚಪಾನಿಸ್ ಅನ್ನುವ ಮನೋವಿಜ್ಞಾನಿ ನೋಡಿದರೆ, ಎರಡರ ಹಿಡಿಕೆಯೂ ಒಂದೇ ಥರ, ಅಕ್ಕಪಕ್ಕದಲ್ಲೇ ಇದ್ದವು. ಚಕ್ರದ ಹಿಡಿಕೆಗೆ ಸಣ್ಣ ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಕೆಗೆ ರೆಕ್ಕೆಯಂಥ ಆಕಾರ ಕೊಟ್ಟರು. ತಪ್ಪು ನಿಂತಿತು. ಇವತ್ತಿನ ವಿಮಾನದಲ್ಲೂ ಚಕ್ರದ ಹಿಡಿಕೆ ಚಕ್ರದ ಹಾಗೇ ಇರುತ್ತದೆ.

ಈಗ ರಸ್ತೆಯ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ತೆಗೆದರೆ ಗಾಡಿ 33 ಮೀಟರ್ ಹೋಗಿರುತ್ತದೆ. ಹತ್ತಿರಹತ್ತಿರ ಮೂರು ಚಿಗರಿ ಬಸ್ಸು ಸಾಲಾಗಿ ನಿಂತಷ್ಟು ಉದ್ದ. ಬೈಪಾಸಿನಲ್ಲಿ 80ರಲ್ಲಿದ್ದರೆ 44 ಮೀಟರ್. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ನೋಟ ಎರಡು ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ಮೀರಬಾರದು ಅಂತಿದೆ.

ಸ್ವೀಡನ್ನಿನ ವಿ ಬಿಲೆಗಾರೆ ಅನ್ನುವ ಪತ್ರಿಕೆ 2022ರಲ್ಲಿ ಇದನ್ನು ಓಡಿಸಿಯೇ ನೋಡಿತು. ಗಂಟೆಗೆ 110 ಕಿಲೋಮೀಟರ್ ವೇಗ, ಮುಚ್ಚಿದ ಏರ್‌ಸ್ಟ್ರಿಪ್, ಸೀಟು ಬಿಸಿ ಮಾಡುವುದು, ರೇಡಿಯೋ ಸ್ಟೇಷನ್ ಹಾಕುವುದು ಮುಂತಾದ ನಾಲ್ಕು ಕೆಲಸ. ಗಾಡಿಯ ಅಭ್ಯಾಸ ಮಾಡಿಕೊಳ್ಳಲು ಡ್ರೈವರ್‌ಗಳಿಗೆ ಮೊದಲೇ ಸಮಯ ಕೊಟ್ಟಿದ್ದರು. ಬಟನ್ನುಗಳಿದ್ದ 2005ರ ವೋಲ್ವೋ ವಿ70ಯಲ್ಲಿ ನಾಲ್ಕೂ ಕೆಲಸ 10 ಸೆಕೆಂಡಿನಲ್ಲಿ ಮುಗಿದವು, ಅಷ್ಟರಲ್ಲಿ ಗಾಡಿ 306 ಮೀಟರ್ ಹೋಗಿತ್ತು. ಎಂಜಿ ಮಾರ್ವೆಲ್ ಆರ್ ಅನ್ನುವ ಹೊಸ ಗಾಡಿಯಲ್ಲಿ 44.9 ಸೆಕೆಂಡ್ ಬೇಕಾಯಿತು, ದೂರ 1,372 ಮೀಟರ್.

ಹಾಗಂತ ಸ್ಕ್ರೀನ್ ಇದ್ದದ್ದೆಲ್ಲ ಕೆಟ್ಟದ್ದು ಅಂತಲ್ಲ. ಅದೇ ಪರೀಕ್ಷೆಯಲ್ಲಿ ದೊಡ್ಡ ಸ್ಕ್ರೀನಿನ ವೋಲ್ವೋ ಸಿ40 13.7 ಸೆಕೆಂಡಿನಲ್ಲಿ ಮುಗಿಸಿತು. ಮೆನು ಹೇಗೆ ಜೋಡಿಸಿದ್ದಾರೆ ಅನ್ನುವುದರ ಮೇಲೂ ತುಂಬ ನಿಂತಿದೆ.

ಟಣ್ ಅನ್ನುತ್ತದಲ್ಲ, ಸಾಲದಾ?

ಕೆಲವು ಗಾಡಿಯಲ್ಲಿ ಮುಟ್ಟಿದರೆ ಸದ್ದು ಬರುತ್ತದೆ, ಕೆಲವದರಲ್ಲಿ ಬೆರಳಿಗೆ ಝುಮ್ ಅನ್ನುತ್ತದೆ. ಹಿಂದೆ ಸಣ್ಣ ಮೋಟರ್ ಇಟ್ಟು ಅಲುಗಾಡಿಸುತ್ತಾರೆ, ಇದಕ್ಕೆ ಹ್ಯಾಪ್ಟಿಕ್ ಅನ್ನುತ್ತಾರೆ. ಒಳ್ಳೆಯದೇ. ಆದರೆ ಅದು ಬರುವುದು ಮುಟ್ಟಿದ ಮೇಲೆ. ಎಲ್ಲಿ ಮುಟ್ಟಬೇಕು ಅಂತ ಮೊದಲೇ ಹೇಳುವುದಿಲ್ಲ. ದನಿ ಕೇಳಿ ಕೆಲಸ ಮಾಡುವ ವ್ಯವಸ್ಥೆಯೂ ಇದೆ, ಉಣಕಲ್ ಹತ್ತಿರ ಲಾರಿ ಹಾರ್ನ್ ಹೊಡೆಯುತ್ತಿರುವಾಗ, ಹಿಂದೆ ಮಕ್ಕಳು ಜಗಳ ಆಡುತ್ತಿರುವಾಗ ಒಮ್ಮೆ ಪ್ರಯತ್ನಿಸಿ ನೋಡಿ.

ಕೆಟ್ಟರೆ?

ನನ್ನ ಗುರುತಿನ ಗ್ಯಾರೇಜಿನವರು ಹೇಳಿದ್ದು: "ಮೊದ್ಲ ಒಂದು ಸ್ವಿಚ್ ಹೋದ್ರ ಆ ಸ್ವಿಚ್ ಅಷ್ಟ ಹಾಕತಿದ್ವಿ ಸರ್. ಈಗ ಬೆಳಕ್ ಒಂದು ಹೋದ್ರೂ ಇಡೀ ಪ್ಯಾನೆಲ್ ಬದಲಿ ಮಾಡಬೇಕ್ರಿ." ಕಾರಣ ಸರಳ, ಬಿಲ್ಲೆ, ಚಿಪ್, ಬೆಳಕು ಎಲ್ಲ ಒಂದೇ ಬೋರ್ಡಿನ ಮೇಲಿರುತ್ತವೆ.

ಸ್ಕ್ರೀನ್ ಹೋದರೆ ಅದರ ಒಳಗಿದ್ದದ್ದೆಲ್ಲ ಒಟ್ಟಿಗೇ ಹೋಗುತ್ತದೆ. 2021ರಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. ಒಳಗಿನ 8 ಜಿಬಿ ಮೆಮೊರಿ ಬರೆದೂ ಬರೆದೂ ಸವೆದುಹೋಗಿ ಸ್ಕ್ರೀನ್ ಕಪ್ಪಾಗುತ್ತಿತ್ತು. ಅದರ ಜೊತೆ ಹಿಂದಿನ ಕ್ಯಾಮೆರಾ ಹೋಗುತ್ತಿತ್ತು, ಗಾಜಿನ ಹಬೆ ತೆಗೆಯುವ ನಿಯಂತ್ರಣವೂ ಹೋಗುತ್ತಿತ್ತು. ಇದನ್ನು ಓದಿದಾಗ ನವಲೂರೇ ನೆನಪಾಯಿತು.

ಅದಕ್ಕೂ ಮೊದಲು ಜರ್ಮನಿಯಲ್ಲಿ ಒಬ್ಬರು ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಸ್ಕ್ರೀನ್ ನೋಡುತ್ತ ಹೋಗಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿದ್ದರು. 2020ರಲ್ಲಿ ಕಾರ್ಲ್ಸ್‌ರೂಹೆಯ ಕೋರ್ಟು 200 ಯುರೋ ದಂಡ, ಒಂದು ತಿಂಗಳು ಗಾಡಿ ಓಡಿಸಬಾರದು ಅಂತ ಹಾಕಿದ ಶಿಕ್ಷೆಯನ್ನು ಎತ್ತಿಹಿಡಿಯಿತು. ವೈಪರಿಗೇ ಆಗಲಿ, ಓಡಿಸುವಾಗ ಸ್ಕ್ರೀನ್ ನೋಡುವುದು ಮೊಬೈಲ್ ನೋಡಿದ ಹಾಗೇ ಅಂದಿತು.

ಬಟನ್ ವಾಪಸ್ ಬರುತ್ತಿದೆಯಾ?

ಕೆಲವು ಕಡೆ ಹೌದು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ 2026ರ ನಿಯಮದಲ್ಲಿ ಐದು ಕೆಲಸಕ್ಕೆ ಕೈಗೆ ಸಿಗುವ ನಿಯಂತ್ರಣ ಬೇಕು ಅಂತ ಹೇಳಿದೆ. ಇಂಡಿಕೇಟರ್, ನಾಲ್ಕೂ ದೀಪ ಒಟ್ಟಿಗೆ ಮಿನುಗುವ ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ. ಇದು ಕಾನೂನಲ್ಲ, ಆದರೆ ಇಲ್ಲದಿದ್ದರೆ ಅಂಕ ಕಡಿಮೆಯಾಗುತ್ತದೆ. ಅಂಕಕ್ಕೆ ಕಂಪನಿಗಳು ಹೆದರುತ್ತವೆ.

ಫೋಕ್ಸ್‌ವ್ಯಾಗನ್ ತನ್ನ ಗಾಲ್ಫ್ ಕಾರಿಗೆ ಹಾಕಿದ್ದ ಸ್ಲೈಡರ್‌ಗೆ ರಾತ್ರಿ ಬೆಳಕೇ ಇರಲಿಲ್ಲ. ಬೈಗುಳ ತಿಂದು 2024ರ ಗಾಡಿಯಲ್ಲಿ ಬೆಳಕು ಕೊಟ್ಟಿತು, ಸ್ಟೀರಿಂಗ್ ಮೇಲಿನ ಟಚ್ ತೆಗೆದು ಬಟನ್ ಹಾಕಿತು. 2025ರಲ್ಲಿ ಅದರ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್, ವಾಲ್ಯೂಮ್, ಬಿಸಿ, ಫ್ಯಾನ್, ಹಜಾರ್ಡ್ ಇವಕ್ಕೆ ಮುಂದಿನ ಗಾಡಿಗಳಲ್ಲಿ ನಿಜವಾದ ಬಟನ್ ಇರುತ್ತದೆ ಅಂತ ಹೇಳಿದರು.

ನಮ್ಮಲ್ಲಿ ಇದು ಇನ್ನೂ ಮೊದಲೇ ನಡೆದಿದೆ, ನಾವು ಗಮನಿಸಿಲ್ಲ. 2014ರ ಹೋಂಡಾ ಸಿಟಿಯಲ್ಲಿ ಎಸಿಗೆ ಟಚ್ ಪ್ಯಾನೆಲ್ ಇತ್ತು, 2020ರ ಸಿಟಿಯಲ್ಲಿ ತಿರುಗಿಸುವ ನಾಬ್ ವಾಪಸ್ ಬಂತು. ಇನ್ನೊಂದು ಕಡೆ ಟಾಟಾ ನೆಕ್ಸಾನ್ 2023ರಲ್ಲಿ ಟಚ್ ಪ್ಯಾನೆಲ್‌ಗೆ ಹೋಯಿತು, ಆದರೆ ತಂಪು ಮತ್ತು ಫ್ಯಾನ್ ಹೆಚ್ಚುಕಡಿಮೆ ಮಾಡಲು ನಡುವೆ ಎರಡು ನಿಜವಾದ ಸ್ವಿಚ್ ಉಳಿಸಿಕೊಂಡಿತು. 2024ರ ಮಹೀಂದ್ರಾ ಎಕ್ಸ್‌ಇವಿ 9ಇ ಕಾರಿನಲ್ಲಂತೂ ಸಾಲಾಗಿ ಮೂರು ಸ್ಕ್ರೀನ್. ಟಚ್ ಬೇಡ ಅಂತ 2019ರಲ್ಲಿ ಹಠ ಹಿಡಿದಿದ್ದ ಮಾಜ್ದಾ ಕಂಪನಿ 2025ರ ಹೊಸ ಸಿಎಕ್ಸ್-5ಗೆ ದೊಡ್ಡ ಟಚ್‌ಸ್ಕ್ರೀನ್ ಹಾಕಿದೆ. ಹಾಗಾಗಿ ಎಲ್ಲರೂ ಒಂದೇ ಕಡೆ ಹೊರಟಿಲ್ಲ.

ಶೋರೂಮಿನಲ್ಲಿ ಏನು ನೋಡಬೇಕು

ಸ್ಕ್ರೀನ್ ಎಷ್ಟು ಇಂಚು ಅಂತ ಆಮೇಲೆ ಕೇಳಿ. ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ. ಗಾಡಿ ನಿಂತಿರಬೇಕು, ಅದನ್ನೂ ಹೇಳಬೇಕಾ! ಎಡಗೈಯಿಂದ ವಾಲ್ಯೂಮ್ ಕಡಿಮೆ ಮಾಡಿ, ಫ್ಯಾನ್ ಜಾಸ್ತಿ ಮಾಡಿ, ಮುಂದಿನ ಗಾಜಿನ ಹಬೆ ತೆಗೆಯುವುದನ್ನು ಹುಡುಕಿ, ಹಜಾರ್ಡ್ ಲೈಟ್ ಹಾಕಿ. ಸಿಗದಿದ್ದರೆ ಸೇಲ್ಸ್ ಹುಡುಗನನ್ನು ಕೇಳಿ, ಸ್ಟೀರಿಂಗ್ ಮೇಲೆ ಬೇರೆ ದಾರಿ ಇದೆಯಾ ಅಂತ. ಟೆಸ್ಟ್ ಡ್ರೈವನ್ನು ಸಾಧ್ಯವಾದರೆ ಕತ್ತಲಾದ ಮೇಲೆ ಒಮ್ಮೆ, ಮಟಮಟ ಮಧ್ಯಾಹ್ನ ಒಮ್ಮೆ ಮಾಡಿ. ಇಂಡಿಕೇಟರ್, ವೈಪರ್ ಸ್ಟೀರಿಂಗಿನ ಕಡ್ಡಿಯಲ್ಲೇ ಇದ್ದರೆ ಅರ್ಧ ಚಿಂತೆ ಹೋಯಿತು.

ಹಬೆಯ ಚಿತ್ರವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮೇಲೆ ಕಮಾನಿನ ಹಾಗೆ ಬಾಗಿದ್ದರೆ ಮುಂದಿನ ಗಾಜು, ಚೌಕ ಇದ್ದರೆ ಹಿಂದಿನದು. ಆವತ್ತು ನಾನು ಮುಟ್ಟಿದ್ದು ಚೌಕ.

ಈಗಾಗಲೇ ಕೊಂಡವರು ಎಸಿಯನ್ನು ಆಟೋದಲ್ಲಿ ಬಿಟ್ಟರೆ ಮುಟ್ಟುವ ಕೆಲಸವೇ ಕಡಿಮೆಯಾಗುತ್ತದೆ. ದಾರಿ ಹುಡುಕುವುದು, ಹಾಡು ಹಾಕುವುದು ಹೊರಡುವ ಮೊದಲೇ ಮುಗಿಸಿ. ಪ್ಯಾನೆಲ್ ಒರೆಸಲು ಒಂದು ಮೆತ್ತನೆ ಬಟ್ಟೆ ಗಾಡಿಯಲ್ಲಿರಲಿ.

ಕಾಕಾನ ಗಾಡಿಗೆ ಪರಿಹಾರ ಹುಡುಕಿದ್ದು ಕಾಕೂ. ತಮ್ಮ ಟಿಕಳಿ (ಹಣೆಯ ಬಿಂದಿ) ಪಾಕೀಟಿನಿಂದ ಹರಳು ಇರುವ ಒಂದು ಟಿಕಳಿ ತೆಗೆದು, ಆ ಕಮಾನಿನ ಚಿತ್ರದ ಕೆಳಗೆ, ಪ್ಯಾನೆಲ್ಲಿನ ಅಂಚಿನ ಮೇಲೆ ಅಂಟಿಸಿದ್ದಾರೆ. ಕಾಕಾ ಈಗ ರಸ್ತೆ ನೋಡುತ್ತಲೇ ಎಡಗೈ ಚಾಚಿ, ಅಂಚಿನುದ್ದ ಬೆರಳಾಡಿಸಿ, ಹರಳು ತಾಗಿದ ಕೂಡಲೇ ಅದರ ಮೇಲಿನ ಚಿತ್ರವನ್ನು ಒಂದು ಮುಟ್ಟು ಮುಟ್ಟುತ್ತಾರೆ. ಮೊನ್ನೆ ಸರ್ವಿಸಿಂಗಿಗೆ ಬಿಟ್ಟಾಗ ತೊಳೆಯುವ ಹುಡುಗ ಅದನ್ನು ಕಸ ಅಂತ ಕಿತ್ತುಹಾಕಿದ್ದನಂತೆ. ಕಾಕೂ ಇನ್ನೊಂದು ಅಂಟಿಸಿದರು, ಈ ಸಲ ಸ್ವಲ್ಪ ದೊಡ್ಡದು.